ಹಳದಿ ಚಾಳೀಸ

ದಾರದ ಡಬ್ಬಿಯೊಳಗ ನನಗ ಹನ್ನೊಂದು ಹಸಿರು ಗೊತ್ತು.
ಗಿಳಿ ಬ್ಯಾರೆ, ಪೇರಲ ಬ್ಯಾರೆ, ಮೆಂತ್ಯ ಬ್ಯಾರೆ,
ಬಾಟಲಿ ಹಸಿರಿನ ಬೆನ್ನಿಗೇ ಇನ್ನೊಂದು, ಅದಕ್ಕ ಹೆಸರಿಲ್ಲ.
ಬಾಯ್ನಾದ ಹೆಂಗಸರು ಬಟ್ಟೆ ತುಂಡು ಹಿಡಕೊಂಡು
ಮ್ಯಾಚಿಂಗ್ ಕೇಳಿದರ
ಕೈ ತಾನ ಹೋಗಿ ರೀಲು ಎತ್ತತದ.

ಅಂಥಾಕಿ ನಾನು
ಆಟದೊಳಗ ಮನುಷ್ಯಾ ಯಾವುದು ಕಂಟಿ ಯಾವುದು ತಿಳೀದ
ದಿನಾ ಎಲ್ಲಾರಕಿಂತ ಮೊದಲ ಸಾಯತಿದ್ದೆ.

ದಾನೇಶ, ನನ್ನ ತಂಗಿ ಮಗ,
ಐಟಿಐ ಕಲೀಲಿಕ್ಕೆ ವಾಸ್ಕೋಕ್ಕ ಬಂದಾಂವ,
ಎಲ್ಲಿಂದೋ ಹಳೇ ಮಾನಿಟರ್ ಹೊತ್ತು ತಂದು
ನನ್ನ ಹೊಲಿಗಿ ಮಷೀನಿನ ಮ್ಯಾಲೆ ಇಟ್ಟ.
ರಾತ್ರಿ ಹತ್ತರ ತನಕ ಅದು ಮಷೀನು,
ಹತ್ತರ ಮ್ಯಾಲೆ ರಣರಂಗ.
ಒಂದಿನ ಅವನ ಜೋಡೀದಾಂವ ಬರಲಿಲ್ಲ.
"ದೊಡ್ಡವ್ವಾ, ಬಾ, ಸುಮ್ಮನ ನಿಂತರೂ ಸಾಕು" ಅಂದ.
ಸುಮ್ಮನ ನಿಂತೆ. ಸತ್ತೆ.
ಆದರ ಬೆರಳಿಗೆ ರುಚಿ ಹತ್ತಿತು.

ಆ ಆಟದ ಕಾಡಿನೊಳಗ ಸದಾ ಮಂಜು,
ಅಕ್ಕಿ ತೊಳೆದ ನೀರಿಗೆ ನೀಲಿ ಹಾಕಿದಂಗ.
ಬೂದಿ ಗಿಡ, ಬೂದಿ ಬಂಡಿಗಲ್ಲು,
ಬೂದಿ ಅಂಗಿ ತೊಟ್ಟು ಕುಂತ ಬೂದಿ ಮಂದಿ.
ಗುಂಡು ಎಲ್ಲಿಂದ ಬಂತಂತ ನೋಡೂದರೊಳಗ
ನನ್ನ ಹೆಣ ಬಿದ್ದಿರತಿತ್ತು.

ಗುಳಿಗಿ ಡಬ್ಬಿ ಕೆಳಗ ನಮ್ಮನಿಯವರ ಹಳದಿ ಚಾಳೀಸ ಇತ್ತು.
ಸಾವರ್ಡೆ ದಾರ್‍ಯಾಗ ರಾತ್ರಿಪಾಳಿ ಅದಿರಿನ ಟ್ರಕ್ಕು ಹೊಡೆಯುವಾಗ
ಕುಡಚಡೆ ಸಂತ್ಯಾಗ ಕೊಂಡದ್ದು, ನೂರಾ ಇಪ್ಪತ್ತಕ್ಕ.
ಮಬ್ಬಿನಾಗ ರಸ್ತೆದ ಅಂಚು ಕಾಣತದ ಅಂತಿದ್ದರು.
ಗಣಿ ನಿಂತ ವರ್ಷ ಟ್ರಕ್ಕು ಮಾರಿದಿವಿ,
ಚಾಳೀಸ ಯಾರೂ ಕೇಳಲಿಲ್ಲ.

ನನ್ನ ನಂಬರಿನ ಚಾಳೀಸದ ಮ್ಯಾಲೆ ಅದನ್ನ ಏರಿಸಿದೆ.
ಮೂಗು ಒಂದು, ಚಾಳೀಸ ಎರಡು. ದಾನೇಶ ಬಿದ್ದು ಬಿದ್ದು ನಕ್ಕ.
ನಗಲಿ.
ಮಂಜಿನೊಳಗಿನ ನೀಲಿ ಸೋಸಿ ಹೋಗಿತ್ತು.
ಕಂಟಿಗೆ ಯಾರೋ ಕಚ್ಚಾ ಹೊಲಿಗಿ ಹಾಕಿ
ಅಂಚು ಗುರುತು ಮಾಡಿಟ್ಟಂಗ.
ಆ ಅಂಚಿನ ಹೊರಗ ಒಂದು ಮೊಣಕೈ.
ಹೊಡೆದೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ
ನಮ್ಮವ್ವ ಬೈಯೂದಿತ್ತು.
ಹೌದವ್ವಾ, ಆದರ ವೈರಿ ಕಾಣತಾನ ನೋಡು.

ಒಂದು ವಾರ ಹಿಂಗ.
ಆಮ್ಯಾಲೆ ಎಸ್ಪೆರಾನ್ಸಾ ಬಾಯಿ ಮಗಳ ಫ್ರಾಕು,
ಮೊದಲ ಕಮ್ಯೂನಿಯನ್ನಿಂದು, ಬೆಳ್ಳನ್ನ ಸಾಟಿನ್,
ಆಯಿತವಾರ ಮುಂಜಾನೆ ಇಗರ್ಜಿ.
ಶನಿವಾರ ರಾತ್ರಿ ಒಂದೂವರಿಗೆ ಆಟ ಮುಗಿಸಿ
ಮಾನಿಟರ್ ಸರಿಸಿ
ಕೆಳಗಿನ ಝಾಲರಿ ಹೊಲಿಲಿಕ್ಕೆ ಕುಂತೆ.
ಮೂಗಿನ ಭಾರ ರೂಢಿಯಾಗಿತ್ತು.

ಐದಕ್ಕ ಎದ್ದು, ಬಾಗಿಲು ತೆಗೆದು, ಬರೀ ಕಣ್ಣಿಲೆ ನೋಡತೀನಿ:
ಬಿಳಿ ಫ್ರಾಕಿನ ಸುತ್ತ ನಿಂಬಿಹಣ್ಣಿನ ದಾರ!
ಹನ್ನೊಂದು ಹಸಿರು ಬಲ್ಲಾಕಿ
ಬಿಳೇದೂ ಹಳದೀದೂ ಒಂದ ಅಂದು ಹೊಲಿದಿದ್ದಳು.
ಕಾಲಿನ ಬಲ ಹೋಗಿ ಹೊಸ್ತಿಲ ಮ್ಯಾಲ ಕುಂತೆ.

ನಮ್ಮನಿಯವರು ಚಾ ಕುದಿಸಿ ತಂದಿಟ್ಟರು.
ಏನೂ ಅನಲಿಲ್ಲ,
ಬ್ಲೇಡು ಹುಡುಕಿ ಕೊಟ್ಟು
ಫ್ರಾಕಿನ ಇನ್ನೊಂದು ತುದಿ ತಾವು ಹಿಡದು ಕುಂತರು.
ಇಬ್ಬರೂ ಬಿಚ್ಚಿದಿವಿ, ಮೂರೂವರಿ ಗಜ.
ಸಾಟಿನ್ ಮರೆಯೂದಿಲ್ಲ,
ಸೂಜಿ ಹೋದಲ್ಲೆಲ್ಲ ಸಾಸಿವಿಯಷ್ಟು ತೂತು ಇಟಕೋತದ.
ಇಸ್ತ್ರಿ ಹಾಕಿದೆ, ಉಗುಳು ಹಚ್ಚಿದೆ, ಸಂತರಿಗೆಲ್ಲ ಕೈ ಮುಗಿದೆ.
ಏಳೂವರಿಗೆ ಫ್ರಾಕು ಹೋತು.
ಆ ಹುಡುಗಿ ಗರಗರ ತಿರುಗಿ ತೋರಿಸಿದಾಗ
ತೂತು ನನಗೊಬ್ಬಾಕಿಗೇ ಕಂಡವು.

ಈಗ ಮನಿಯೊಳಗ ಒಂದು ಕಾನೂನು ಆಗೇದ:
ದಾರದ ಡಬ್ಬಿ ತೆರೆದಾಗ ಚಾಳೀಸ ನಮ್ಮನಿಯವರ ಕಿಸೆದಾಗ.
ಹತ್ತು ಹೊಡಿಯೂದರೊಳಗ ಅವರ ತಂದು ಕೊಡತಾರ,
ಬನೀನಿನ ತುದಿಲೆ ಒರಸಿ,
ಬೆಳಕಿಗೆ ಹಿಡದು ನೋಡಿ.
ಹಿಂದ ಸ್ಟೂಲ್ ಹಾಕಿ ಕುಂದರತಾರ ಇತ್ತೀಚಿಗೆ,
"ಎಡಕ್ಕ, ಎಡಕ್ಕ, ತಿರುವಿನಾಗ ನಿಧಾನ" ಅಂತಾರ,
ಲೋಡು ತುಂಬಿದ ಗಾಡಿ ಅನ್ನಂಗ.

ನಿನ್ನೆ ರಾತ್ರಿ ನಾಕು ಮಂದಿ.
ಐದನೇದಾಂವ ಓಡಿಹೋದ.